ಬೀಗವಿಲ್ಲದ ಊರಿಗೆ ಹೋದ ಹಿತ್ತಾಳೆ ಬೀಗ

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವುದು ನನ್ನ ಚಾಳಿ. ಒಂದು ಸಲ ಬೀಗದ ಖಾತರಿಗೆ, ಇನ್ನೊಂದು ಸಲ ಕೊಂಡಿಯ ಖಾತರಿಗೆ, ಮೂರನೆಯದು ಸುಮ್ಮನೆ ನನ್ನ ಸಮಾಧಾನಕ್ಕೆ. ಬೀದಿಯ ಕೊನೆಯ ಅಂಗಡಿಯಿಂದ ಹಾಲು ತರುವುದಾದರೂ ಇದು ತಪ್ಪುವುದಿಲ್ಲ. ಎದುರು ಮನೆಯ ಹುಡುಗಿ ಮೊನ್ನೆ ಕೇಳಿಯೇಬಿಟ್ಟಳು: "ಆಂಟಿ, ಒಳಗೆ ಅಂಥಾದ್ದು ಏನಿಟ್ಟಿದ್ದೀರಿ?" ಏನಿಟ್ಟಿದ್ದೇನೆ? ಎರಡು ಕುಕ್ಕರು, ಒಂದು ಟೀವಿ, ಮಂಡಿನೋವಿನ ಎಣ್ಣೆ. ಕಳ್ಳ ಬಂದರೆ ಅವನೇ ಮರುಗಿ ಏನಾದರೂ ಇಟ್ಟು ಹೋದಾನು. ಆದರೂ ಕೈ ಕೇಳುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಈ ಗುಣ ಬಂದದ್ದು ಅಪ್ಪನಿಂದ. ಅಪ್ಪ ಚಿತ್ರದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಎರಡು ಕೋಣೆಯ ಬಾಡಿಗೆ ಮನೆ, ಅದಕ್ಕೆ ಐದು ಬೀಗ. ಏಳು ಸುತ್ತಿನ ಕೋಟೆ ಇರುವ ಊರಿನವರಿಗೆ ಬಾಗಿಲೆಂದರೆ ತುಸು ಹೆಚ್ಚೇ ಭಕ್ತಿಯೋ ಏನೋ. ಒಮ್ಮೆ ಹೊಳಲ್ಕೆರೆಯಲ್ಲಿ ನೆಂಟರ ಮದುವೆ. ನಾವೆಲ್ಲ ಬಸ್ಸಿನಲ್ಲಿ ಕೂತಾಗಿದೆ, ಬಸ್ಸು ಹೊರಟೂ ಆಗಿದೆ, ಅಪ್ಪ ಇದ್ದಕ್ಕಿದ್ದಂತೆ ಎದ್ದು "ಸ್ವಲ್ಪ ನಿಲ್ಸಪ್ಪ" ಎಂದು ಇಳಿದೇಬಿಟ್ಟರು. ಹಿತ್ತಿಲ ಬಾಗಿಲಿಗೆ ಬೀಗ ಹಾಕಿದ್ದು ನೆನಪಿದೆಯಂತೆ, ಜಗ್ಗಿದ್ದು ನೆನಪಿಲ್ಲವಂತೆ. ಮುಂದಿನ ಬಸ್ಸಿಗೆ ಅವರು ಬಂದು ಸೇರುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು, ಮೊದಲ ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದರು. ಅಮ್ಮ ಮುಖ ಊದಿಸಿಕೊಂಡು ಕೂತಿದ್ದಳು. ಅಪ್ಪ ಅವಳ ಪಕ್ಕಕ್ಕೆ ಬಂದು, ಮಗ ಪರೀಕ್ಷೆ ಪಾಸಾದ ಸುದ್ದಿ ಹೇಳುವವರ ಹಾಗೆ, "ಬೀಗ ಸರಿಯಾಗೇ ಐತೆ ಕಣೇ" ಎಂದರು.

ಇಂಥ ಅಪ್ಪ ಮಗಳ ಮದುವೆಗೆ ಏನು ಕೊಟ್ಟಾರು? ಸೀರೆ, ಪಾತ್ರೆ, ಕಬ್ಬಿಣದ ಟ್ರಂಕು ಎಲ್ಲರೂ ಕೊಡುತ್ತಾರೆ. ಅದರ ಜೊತೆಗೆ ಅಪ್ಪ ಸಂತೆಪೇಟೆಯಲ್ಲಿ ಅರ್ಧ ದಿನ ಆರಿಸಿ ಒಂದು ಹಿತ್ತಾಳೆ ಬೀಗ ತಂದರು. ಅಂಗೈ ಅಗಲದ್ದು, ಕೈಯಲ್ಲಿ ಹಿಡಿದರೆ ತೋಳು ಜಗ್ಗುವಷ್ಟು ಭಾರ. "ಹೊಸ ಊರು, ಹೊಸ ಜನ. ಜೋಪಾನ ಕಣಮ್ಮ" ಎಂದರು. ಅಷ್ಟು ಹೇಳಿ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡಿ ನನ್ನ ಕೈಗಿಟ್ಟರು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಾನು ಹೀಗೆ ಕಣ್ಣೀರು ಮತ್ತು ಬೀಗದೊಡನೆ ಗಂಡನ ಮನೆಗೆ ಹೊರಟೆ.

ಆ ಊರು ಹಿರಿಯೂರು ತಾಲ್ಲೂಕಿನದು. ಯಲ್ಲದಕೆರೆಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ನಲವತ್ತು ಮನೆ, ಮನೆಗಳಿಗಿಂತ ಹೆಚ್ಚು ನಾಯಿ, ನಾಯಿಗಳಿಗಿಂತ ಬಹಳ ಹೆಚ್ಚು ಕುರಿ. ನನ್ನ ಗಂಡ ಪಕ್ಕದ ಊರಿನಲ್ಲಿ ಮೇಷ್ಟ್ರು. ಮಾವ ಕುರಿ ಸಾಕಿಕೊಂಡು, ಎರಡು ತುಂಡು ಹೊಲ ಮಾಡಿಕೊಂಡು ಇದ್ದವರು. ಮನೆಯ ಒಳಗಿನ ರಾಜ್ಯವೆಲ್ಲ ಅತ್ತೆಯದು. ಹೋದ ಮೂರನೆಯ ದಿನ ಟ್ರಂಕು ಬಿಚ್ಚಿದಾಗ ಅತ್ತೆ ಬೀಗವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು.

"ಇದೇನಮ್ಮ ಇದು?"

"ಬೀಗ ಅತ್ತೆ."

"ಬೀಗ ಅಂತ ಕಾಣ್ತೈತೆ ಬಿಡು. ಯಾತಕ್ಕೆ?"

"ಮನೆಗೆ ಹಾಕಕ್ಕೆ."

"ಮನೇಗಾ? ಒಳಗೆ ನಾವಿರ್ತೀವಲ್ಲೇ!"

ಇಬ್ಬರೂ ಹೋಗಿ ಬಾಗಿಲು ನೋಡಿದೆವು. ಬೀಗ ಹಾಕಲು ಅದಕ್ಕೆ ಕೊಂಡಿಯೇ ಇರಲಿಲ್ಲ. ನಮ್ಮ ಮನೆಗೆ ಮಾತ್ರವಲ್ಲ, ಊರಿನ ಒಂದು ಬಾಗಿಲಿಗೂ ಇರಲಿಲ್ಲ. ಹೊಲಕ್ಕೆ ಹೋಗುವಾಗ ಸರಪಳಿಗೆ ಒಂದು ತೊಗರಿಕಡ್ಡಿ ಸಿಕ್ಕಿಸಿದರೆ ಮುಗಿಯಿತು, ಅದೂ ನಾಯಿ ನುಗ್ಗದಿರಲಿ ಅಂತ. ಬೇಕಾದವರು ಕಡ್ಡಿ ತೆಗೆದು ಒಳಗೆ ಹೋಗಿ, ಉಪ್ಪೋ ಮಜ್ಜಿಗೆಯೋ ತೆಗೆದುಕೊಂಡು, ಮತ್ತೆ ಕಡ್ಡಿ ಸಿಕ್ಕಿಸಿ ಹೋಗುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಬೀಗವನ್ನು ಹಾಲಿನ ಗಡಿಗೆಯ ಮುಚ್ಚಳದ ಮೇಲಿಟ್ಟರು. "ಇನ್ನು ಬೆಕ್ಕಿಗೆ ಎತ್ತಾಕಾಗಲ್ಲ ನೋಡು. ನಿಮ್ಮಪ್ಪ ಒಳ್ಳೇ ಸಾಮಾನೇ ಕೊಟ್ಟವ್ರೆ!"

ಪೇಟೆಯ ಹುಡುಗಿ ನಾನು, ಮೊದಮೊದಲು ಉರಿದುಹೋಗುತ್ತಿದ್ದೆ. ಪಕ್ಕದ ಮನೆಯ ಪುಟ್ಟಕ್ಕ ನನ್ನ ಪೌಡರ್ ಡಬ್ಬಿ ತೆಗೆದು ಹಚ್ಚಿಕೊಂಡು, "ಚೆಂದ ಐತೆ ಕಣೇ, ಮುಗಿಯಾಕ್ ಬಂದೈತೆ, ಇನ್ನೊಂದು ತರಿಸ್ಕ" ಎಂದು ನನಗೇ ಹೇಳಿ ಹೋದಳು. ಒಂದು ಮಧ್ಯಾಹ್ನ ಹೊಲದಿಂದ ಬಂದರೆ ನಡುಮನೆಯಲ್ಲಿ ಯಾರೋ ಮುದುಕರು ಕಂಬಳಿ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಪಕ್ಕದಲ್ಲಿ ಉಂಡ ತಟ್ಟೆ. ನಾನು ಕಿಟಾರನೆ ಕಿರುಚಿದೆ. ಅವರು ಎದ್ದು ಕೂತು, ಕಣ್ಣುಜ್ಜಿ, "ಯಾರಮ್ಮ ನೀನು? ಯಾರು ಬೇಕಾಗಿತ್ತು?" ಎಂದು ನನ್ನನ್ನೇ ಕೇಳಿದರು. ಶ್ರೀರಾಂಪುರದ ಕಡೆಯವರು, ಮಾವನಿಗೆ ದೂರದ ನೆಂಟರು, ದಾರಿಯಲ್ಲಿ ಹಸಿವಾಗಿ ಕಡ್ಡಿ ತೆಗೆದು ಬಂದಿದ್ದರು. ನಾನು ಈ ಮನೆಯ ಸೊಸೆ ಎಂದು ಅವರಿಗೆ ನಂಬಿಸುವಷ್ಟರಲ್ಲಿ ಸಾಕುಬೇಕಾಯಿತು.

ಆ ವರ್ಷ ಅಪ್ಪ ನನ್ನನ್ನು ನೋಡಲು ಬಂದರು. ತಾವು ಕೊಟ್ಟ ಬೀಗ ಹಾಲಿನ ಗಡಿಗೆಯ ಮೇಲೆ ಕೂತಿದ್ದು ಕಂಡು ಅವರ ಮುಖ ಸಪ್ಪಗಾಯಿತು. ಮಾವನನ್ನು ಮೆಲ್ಲಗೆ ವಿಚಾರಿಸಿದರು: "ಅಲ್ರೀ ಬೀಗ್ರೇ, ಕಾಳುಕಡಿ, ಆಸ್ತಿ ಎಲ್ಲ ಎಲ್ಲಿಡ್ತೀರಿ?"

ಮಾವ ಅಂಗಳದ ನೆಲವನ್ನು ಹಿಮ್ಮಡಿಯಲ್ಲಿ ಕುಟ್ಟಿ, "ನೀವು ನಿಂತಿರಾದೇ ಅದರ ಮ್ಯಾಲೆ" ಎಂದರು. ಅಪ್ಪ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದರು. ಕೆಳಗೆ ಹಗೇವು ಇತ್ತು. ವರ್ಷಕ್ಕಾಗುವ ರಾಗಿಯನ್ನು ನೆಲದ ಹೊಟ್ಟೆಯಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಎಳೆದು ಮಟ್ಟ ಮಾಡಿದ್ದರು. "ಮಿಕ್ಕಿದ್ ಆಸ್ತಿ ಬೆಳಿಗ್ಗೇನೇ ಎದ್ದು ಮೇಯಾಕ್ ಹೋಗೈತೆ. ಸಂಜಿಗೆ ಅದೇ ಬರ್ತೈತೆ, ಕುಂತ್ಕಳ್ರಿ, ನೋಡಿ ಹೋಗೀರಂತೆ" ಎಂದರು ಮಾವ. ಸಂಜೆ ದೂಳೆಬ್ಬಿಸಿಕೊಂಡು ಆಸ್ತಿ ಬಂತು, ಬ್ಯಾ ಎಂದಿತು, ರೊಪ್ಪದೊಳಗೆ ನುಗ್ಗಿತು. ಅಪ್ಪ ನೋಡಿ ನಕ್ಕರು. ಬೀಗ ಹಾಕಲಾಗದ ಆಸ್ತಿಯೂ ಉಂಟು ಎಂದು ಅವರಿಗೆ ಆ ದಿನವೇ ತಿಳಿದಿದ್ದು.

ಇನ್ನು ಪ್ರಯಾಣದ ಮಾತು. ನಮ್ಮೂರಿನ ಗಂಡಸರು ಕಾಲಿಗೆ ಚಕ್ರ ಕಟ್ಟಿಕೊಂಡವರು. ಕುರಿಯ ಸಂತೆ, ನೆಂಟರ ಮನೆ, ಹಿರಿಯೂರು, ಹೊಸದುರ್ಗ ಎಂದು ಏನಾದರೊಂದು ನೆಪ. ಎಲ್ಲಕ್ಕಿಂತ ಹೆಚ್ಚಾಗಿ ಮಾರಿಕಣಿವೆ. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಅಂತ ಹೋಗುವುದು, ಅಣೆಕಟ್ಟೆಯ ಮೇಲೆ ನಿಂತು ನೀರು ನೋಡಿ ಬರುವುದು. ಅವರು ಹೊರಡುವ ದಿನ ಅತ್ತೆ ಕೋಳಿ ಕೂಗುವ ಮೊದಲೇ ಎದ್ದು ರಾಗಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಕುಟ್ಟಿ, ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟುತ್ತಿದ್ದರು. ಅವರು ವಾಪಸು ಬಂದಾಗ ಕಾಲಿಗೆ ನೀರು ಕೊಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀರು ಎಷ್ಟೈತೆ?"

"ಐತೆ" ಎನ್ನುತ್ತಿದ್ದರು ಮಾವ, ಕಾಲು ತೊಳೆಯುತ್ತ.

ಕಾಯಿಲೆಯ ನೆಂಟರನ್ನು ವಿಚಾರಿಸುವಷ್ಟು ಕಾಳಜಿಯಿಂದ ಕೇಳುವುದನ್ನು ನೋಡಿ ನಾನು ಒಂದು ದಿನ, "ಅತ್ತೆ, ನೀವು ಕೊನೇ ಸಲ ಹೋಗಿದ್ದು ಯಾವಾಗ?" ಎಂದೆ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ನಾನೆಲ್ಲಿ ನೋಡಿವ್ನೇ ತಾಯಿ. ಮದುವೆಯಾಗಿ ಬಂದಾಗಿಂದ ಬುತ್ತಿ ಕಟ್ಟಿವ್ನಿ, ಅಷ್ಟೇಯ."

ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪುವ ಜಾಗ. ಮೂವತ್ತು ವರ್ಷದ ಬುತ್ತಿಯೆಲ್ಲ ಅಲ್ಲಿಗೆ ಹೋಗಿದೆ, ಕಟ್ಟಿದ ಕೈ ಹೋಗಿಲ್ಲ. "ಆಸೆ ಇಲ್ವಾ?" ಎಂದು ಕೇಳಿದೆ. "ಆಸೆ ಇಲ್ದೆ ಏನು" ಎಂದರು, ಬಹಳ ಸಣ್ಣ ದನಿಯಲ್ಲಿ. ಕಾರಣ ಬೇರೇನಿಲ್ಲ, ದೀಪ. ಹಗಲು ಮನೆ ಹೇಗಾದರೂ ಇರಲಿ, ಮುಸ್ಸಂಜೆಗೆ ಮನೆಯ ಹೆಂಗಸು ಹೊಸಿಲ ಒಳಗೆ ನಿಂತು ದೀಪ ಹಚ್ಚಬೇಕು. ಹೆಂಗಸು ಇದ್ದೂ ಬೇರೆ ಮನೆಯವರು ಬಂದು ಹಚ್ಚುವುದು ಸೂತಕದ ಮನೆಯಲ್ಲಿ ಮಾತ್ರ. ಕಣಿವೆಗೆ ಹೋದವರು ದೀಪದ ಹೊತ್ತಿಗೆ ಮರಳುವುದು ಆ ಬಸ್ಸುಗಳನ್ನು ನಂಬಿಕೊಂಡು ಆಗುವ ಮಾತಲ್ಲ. ಊರಿನ ಯಾವ ಹೆಂಗಸೂ ಹೋಗಿರಲಿಲ್ಲ.

"ನಾನು ಮನೇಲಿರ್ತೀನಿ, ನೀವು ಮಾವನ ಜೊತೆ ಹೋಗ್ಬನ್ನಿ" ಎಂದೆ. ಅತ್ತೆ ನಕ್ಕರು. "ಗಂಡಸರ ಜೊತೆ ಹೋದಂಗೇ ಐತೆ. ಅವರು ಮುಂದೆ ಮುಂದೆ ಹೋಗ್ತಾರೆ, ತಿರುಗಿ ನೋಡಲ್ಲ. ಹೋದ್ರೆ ನಿನ್ ಜೊತೆ ಹೋಗ್ಬೇಕು." ಆ ಮಾತಿಗೆ ನಾನು ಉಬ್ಬಿಹೋದೆ. ಉಬ್ಬಿದವರಿಗೆ ಬುದ್ಧಿ ಮಂಕು. ಮನೆ ಬಿಟ್ಟು ಹೋಗುವುದಕ್ಕೆ ಬೇಕಾದದ್ದು ಬೀಗ, ಬೀಗ ನನ್ನಲ್ಲಿದೆ, ಅಲ್ಲಿಗೆ ಸಮಸ್ಯೆ ಬಗೆಹರಿಯಿತು ಎಂದುಕೊಂಡು ಅತ್ತೆಯನ್ನು ಹೇಗೋ ಒಪ್ಪಿಸಿ, ಆಚಾರಿಯನ್ನು ಕರೆಸಿ ಬಾಗಿಲಿಗೆ ಕೊಂಡಿ ಹೊಡೆಸಿಯೇಬಿಟ್ಟೆ. ಅಪ್ಪನ ಮಗಳು ನಾನು!

ಮೊಳೆ ಹೊಡೆದ ಸದ್ದಿಗೆ ಕೇರಿ ಕೇರಿಯೇ ಬಂದು ನಿಂತಿತು. ಕೊಂಡಿ ನೋಡಿದರು, ನನ್ನ ಮುಖ ನೋಡಿದರು, ಹೋದರು. ಆ ಸಂಜೆ ಪುಟ್ಟಕ್ಕ ಮಜ್ಜಿಗೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವಳು ನಮ್ಮ ಮನೆಯ ಮಜ್ಜಿಗೆ ತೆಗೆದುಕೊಂಡು ಹೋಗದ ದಿನವನ್ನೇ ನಾನು ಕಂಡಿರಲಿಲ್ಲ. ಮೂರನೆಯ ದಿನ ಬಾವಿಯ ಹತ್ತಿರ ಸಿಕ್ಕಾಗ ಅವಳು ನನಗಲ್ಲ, ಬಿಂದಿಗೆಗೆ ಹೇಳಿದಳು: "ನಾವೆಲ್ಲ ಕಳ್ರು ಅಂತ ಇಷ್ಟು ದಿನ ಗೊತ್ತಿರ್ಲಿಲ್ಲವ್ವ. ದುರ್ಗದೋರು ಬಂದು ಹೇಳ್ಬೇಕಾತು."

ಅತ್ತೆ ವಿಷಯ ತಿಳಿದು ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಬ್ಯಾಡ ಕಣಮ್ಮ. ಕಣಿವೆ ನೋಡಾಕೋಗಿ ಕೇರಿ ಕಳ್ಕಣಾದ್ ಬ್ಯಾಡ. ಕೊಂಡಿ ಕೀಳ್ಸು." ಅವರ ಕಣ್ಣಲ್ಲಿ ನೀರಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮೂವತ್ತು ವರ್ಷ ಸುಮ್ಮನಿದ್ದ ಆಸೆಯನ್ನು ಕೆದಕಿ ಎಬ್ಬಿಸಿ, ಅದರ ಕತ್ತು ಹಿಸುಕುತ್ತಿರುವವಳೂ ನಾನೇ.

ಆ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಪುಟ್ಟಕ್ಕನ ಮನೆಗೆ ಹೋದೆ. ಅವಳು ಕಡ್ಡಿ ಮುರಿದಂತೆ "ಏನು?" ಎಂದಳು. ನಾನು ಬೀಗದಕೈಯನ್ನು ಅವಳ ಮುಂದೆ ಹಿಡಿದೆ.

"ಪುಟ್ಟಕ್ಕ, ನಮ್ಮ ದುರ್ಗದ ಕಡೆ ಒಂದು ಪದ್ಧತಿ ಐತೆ. ಬೀಗದಕೈ ಯಾರ ಸೆರಗಿನಾಗೆ ಇರ್ತೈತೋ ಆವತ್ತಿಗೆ ಅವರೇ ಆ ಮನೆ ಯಜಮಾನ್ತಿ. ಆ ಮನೆ ದೀಪ ಅವರೇ ಹಚ್ಬೇಕು. ಅತ್ತೆ, ನಾನು ಕಣಿವೆಗೆ ಹೋಗೋ ದಿನ ಇದನ್ನ ನಿಮಗೆ ಕೊಡಾಣ ಅಂತಲೇ ಕೊಂಡಿ ಹೊಡೆಸಿದ್ದು."

ನಿಜ ಹೇಳಿಬಿಡುತ್ತೇನೆ. ದುರ್ಗದಲ್ಲಿ ಅಂಥ ಪದ್ಧತಿ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದೆ. ಪುಟ್ಟಕ್ಕ ಬೀಗದಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಹಂಗಾರೆ ಅದು ಸೂತಕಕ್ಕೆ ಬರಲ್ವಾ?" ಎಂದಳು. "ಯಜಮಾನ್ತಿ ಹಚ್ಚಿದ್ರೆ ಸೂತಕ ಎಲ್ಲಿಂದ ಬರ್ತೈತೆ?" ಎಂದೆ. ಅವಳು "ಅದನ್ನ ಮೊದ್ಲೇ ಹೇಳ್ಬಾರ್ದೇನೇ ಲೇ" ಎಂದು ಸೆರಗಿನ ತುದಿಗೆ ಕಟ್ಟಿ ಗಂಟು ಬಿಗಿದಳು. ಗಂಟು ಬಿಗಿದಾಗ ಅವಳ ನಡಿಗೆಯೇ ಬದಲಾಯಿತು. ಹೋಗುವ ದಿನ ಇನ್ನೂ ದೂರವಿದ್ದರೂ ಅವತ್ತಿನಿಂದಲೇ ಅವಳು ನಮ್ಮ ಅಂಗಳದ ಕೋಳಿಗಳನ್ನು ಗದರಿಸತೊಡಗಿದಳು. ಅಂದರೆ, ಜಗತ್ತಿನಲ್ಲಿ ಕಳ್ಳರಿಗೆಂದು ಮಾಡಿದ ವಸ್ತು ನಮ್ಮೂರಿನಲ್ಲಿ ನೆರೆಯವರಿಗೆ ಮರ್ಯಾದೆ ಮಾಡಲು ಒದಗಿತು. ಬೀಗ ಬಾಗಿಲಲ್ಲಿ, ಅದರ ಕೈ ಇಡೀ ಕೇರಿಗೆ ಗೊತ್ತಿರುವ ಸೆರಗಿನಲ್ಲಿ. ಅಪ್ಪನಿಗೆ ಈ ವಿಷಯ ಬರೆಯುವ ಧೈರ್ಯ ನನಗಾಗಲಿಲ್ಲ.

ಸೋಮವಾರ ಹೊರಟೆವು. ಮಾವ, "ಹೋಗಿ ಬರ್ರಿ, ಕುರಿ ನನ್ ನೋಡ್ಕಂತವೆ" ಎಂದು ಹಿಂಡಿನ ಜೊತೆ ಹೊರಟರು. ಬೀಗ ಹಾಕಿ ನಾನು ಮೂರು ಸಲ ಜಗ್ಗಿದೆ, ಅತ್ತೆ ಒಂದು ಸಲ, ಪುಟ್ಟಕ್ಕ ಅಧಿಕಾರದಿಂದ ನಾಲ್ಕು ಸಲ. ಅತ್ತೆಗೆ ಅದು ಜೀವಮಾನದ ಆರನೆಯದೋ ಏಳನೆಯದೋ ಬಸ್ಸು. ಕಿಟಕಿಯ ಪಕ್ಕ ಕೂತು, ದಾರಿಯಲ್ಲಿ ಕಂಡ ಹೊಲಗಳನ್ನೆಲ್ಲ ಹೆಸರು ಗೊತ್ತಿಲ್ಲದಿದ್ದರೂ ಬೈದರು, ಹೊಗಳಿದರು. "ಇವನು ಕಳೆ ತೆಗ್ಸಿಲ್ಲ ನೋಡು, ಸೋಮಾರಿ." ಹಿರಿಯೂರಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಕೂಗಿದ: "ಯಾವ ಕಡೆ ಅಜ್ಜಿ?" ಅತ್ತೆ ಇಡೀ ನಿಲ್ದಾಣಕ್ಕೆ ಕೇಳುವಂತೆ, "ಕಣಿವೆಗಪ್ಪ! ನೀರು ನೋಡಾಕೆ!" ಎಂದರು. ಆ ದನಿಯಲ್ಲಿದ್ದ ಖುಷಿಗೆ ಅಲ್ಲಿದ್ದವರೆಲ್ಲ ನಕ್ಕರು, ಅತ್ತೆಯೂ ನಕ್ಕರು.

ಅಣೆಕಟ್ಟೆಯ ಮೇಲೆ ಹತ್ತಿದ್ದು ಮಧ್ಯಾಹ್ನ ಇಳಿಯುವಾಗ. ಎರಡು ಗುಡ್ಡಗಳ ನಡುವೆ ನೀರು, ನೀರಿನ ಆಚೆಗೆ ಮತ್ತೆ ನೀರು. ಅತ್ತೆ ಕೈ ಅಡ್ಡ ಹಿಡಿದು ನೋಡುತ್ತಲೇ ನಿಂತರು. ಕೈ ಮುಗಿಯುತ್ತಾರೆ, ಅಮ್ಮಾ ತಾಯಿ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರಿಗೆ ಬಂದದ್ದು ಸಿಟ್ಟು.

"ಎಷ್ಟು ಸಲ ಕೇಳಿವ್ನಿ ಇವರ್ನ. ನೀರು ಎಷ್ಟೈತೆ, ನೀರು ಎಷ್ಟೈತೆ. ‘ಐತೆ’ ಅಂದ್ರು. ಇದನ್ನ ನೋಡ್ಕಂಬಂದು ಬರೀ ‘ಐತೆ’ ಅನ್ನಾಕೆ ಮನಸ್ಸಾದ್ರೂ ಹೆಂಗ್ ಬಂತೇ ಅವರಿಗೆ!"

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಬುತ್ತಿ ಬಿಚ್ಚಿದೆವು. ಆ ಬುತ್ತಿಯನ್ನು ಅತ್ತೆ ಕಟ್ಟಿರಲಿಲ್ಲ, ನಾನು ಕಟ್ಟಿದ್ದೆ. ರೊಟ್ಟಿ ಸೀದಿತ್ತು. "ಚೆನ್ನಾಗೈತೆ" ಎಂದು ಅತ್ತೆ ಎರಡು ತಿಂದರು. ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ ಮತ್ತೆ ಬಂದು ನೀರಿನ ಕಡೆಗೆ ಮುಖ ಮಾಡಿ ಕೂತೆವು. ಹೊತ್ತು ಇಳಿಯತೊಡಗಿತು. "ಅತ್ತೆ, ಏಳ್ರಿ, ಬಸ್ಸು ಹೋಗ್ತೈತೆ" ಎಂದೆ.

"ಹೋದ್ರೆ ಹೋಗ್ಲಿ. ಹಿರಿಯೂರ್ನಾಗೆ ನಮ್ಮಕ್ಕನ ಮಗಳು ಅವ್ಳೆ. ದೀಪ ಹಚ್ಚಾಕೆ ಪುಟ್ಟಕ್ಕ ಅವ್ಳೆ. ಕುಂತ್ಕ."

ಗುಡ್ಡದ ಮೇಲೆ ಬಿಸಿಲು ಕೆಂಪಾಯಿತು, ಆಮೇಲೆ ನೀರೂ ಕೆಂಪಾಯಿತು. ಹಕ್ಕಿಗಳು ಗುಂಪುಗುಂಪಾಗಿ ದಾಟಿಹೋದವು. ಅತ್ತೆ ಮೆಲ್ಲಗೆ ಹೇಳಿದರು: "ಈ ಹೊತ್ನಾಗೆ ಹೊರಗೆ ಹಿಂಗಿರ್ತೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ. ಈ ಹೊತ್ನಾಗೆ ಯಾವಾಗ್ಲೂ ನಾನು ಒಳಗೆ ದೀಪದ ಬತ್ತಿ ಹೊಸೀತಿರ್ತೀನಿ." ನಾನು ಅವರ ಕೈ ಹಿಡಿದುಕೊಂಡೆ. ಅತ್ತೆಯ ಕೈ ಹಿಡಿಯುವುದು ಆಗ ಸೊಸೆಯರ ಪದ್ಧತಿಯಲ್ಲ. ಅವರು ಬಿಡಿಸಿಕೊಳ್ಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊರು ಸೇರಿದರೆ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಪುಟ್ಟಕ್ಕ, ಅವಳ ಮಕ್ಕಳು, ಇನ್ನೂ ನಾಲ್ಕಾರು ಹೆಂಗಸರು. ಒಲೆಯ ಮೇಲೆ ನಮ್ಮದೇ ಸಾರು ಕುದಿಯುತ್ತಿತ್ತು. ಮಾವ, ನನ್ನ ಗಂಡ ಇಬ್ಬರೂ ಕುರಿಯ ರೊಪ್ಪಕ್ಕೆ ಮಲಗಲು ಹೋಗಿದ್ದರಿಂದ, ಮನೆ ಬಿಕೋ ಅನ್ನಬಾರದು ಅಂತ ರಾತ್ರಿ ಇವರೆಲ್ಲ ಅಲ್ಲೇ ಮಲಗಿದರಂತೆ. "ಬರ್ರಿ, ಕುಂತ್ಕಳ್ರಿ" ಎಂದು ಯಜಮಾನ್ತಿ ನಮಗೆ ಕಾಲಿಗೆ ನೀರು ಕೊಟ್ಟಳು. ಆಮೇಲೆ ಕೇಳಿದಳು: "ಅಕ್ಕ, ನೀರು ಎಷ್ಟೈತೆ?"

ಅತ್ತೆ "ಐತೆ" ಎನ್ನಲಿಲ್ಲ. ನಡುಮನೆಯಲ್ಲಿ ಕೂತು, ಎರಡೂ ತೋಳು ಚಾಚಿ, ಗುಡ್ಡ ಎಲ್ಲಿ, ಗೋಡೆ ಎಲ್ಲಿ, ಬಿಸಿಲು ಎಲ್ಲಿ ಬಿತ್ತು, ಹಕ್ಕಿ ಯಾವ ಕಡೆಯಿಂದ ಬಂದವು ಎಂದು ಸಾರು ತಳ ಹಿಡಿಯುವವರೆಗೂ ಹೇಳಿದರು. ಯಾರೂ ಎದ್ದು ಇಳಿಸಲಿಲ್ಲ. ಮಾತು ಮುಗಿದ ಮೇಲೆ ಪುಟ್ಟಕ್ಕ ಸೆರಗಿನ ಗಂಟು ಬಿಚ್ಚುತ್ತ, ಯಾರ ಮುಖವನ್ನೂ ನೋಡದೆ, "ನಾನೂ ಒಂದ್ ಸಲ ಹೋಗ್ಲಾ ಅಕ್ಕ?" ಎಂದಳು.

"ಹೋಗೇ" ಎಂದರು ಅತ್ತೆ. "ಮನೆ ಎಲ್ಲಿಗೂ ಹೋಗಲ್ಲ. ಹೋಗ್ಬೇಕಾದೋರು ನಾವೇಯ."

ಮುಂದಿನ ಸೋಮವಾರ ಮುಸ್ಸಂಜೆಗೆ ಅತ್ತೆ ನನ್ನನ್ನು ಕೂಗಿ, "ನಮ್ಮನೇದು ನೀನ್ ಹಚ್ಚಮ್ಮ" ಎಂದು ಹೇಳಿ, ಎಣ್ಣೆಯ ಗಿಂಡಿ ಹಿಡಿದುಕೊಂಡು ಪುಟ್ಟಕ್ಕನ ಮನೆಯ ಹೊಸಿಲು ದಾಟಿದರು.